ಜೇಬಿನ ಬಟ್ಟೆಯ ಮೇಲೆ ಗುಲಾಬಿ ಬಣ್ಣ

ಹಿಂದಿನ ವಾರ ಎದುರುಮನೆಯ ಶಾಂತಮ್ಮ ಒಂದು ತಟ್ಟೆ ಗಿಣ್ಣು ತಂದುಕೊಟ್ಟರು. ಬೊಮ್ಮನಹಾಳಿನ ಅವರ ತವರಲ್ಲಿ ಹಸು ಈದಿತ್ತಂತೆ. ಅವರ ತಮ್ಮ ಬೆಳಗಿನ ಬಸ್ಸಿಗೆ ಹಾಲಿನ ಕ್ಯಾನು ಕಳಿಸಿದ್ದ. ಬೆಲ್ಲ, ಏಲಕ್ಕಿ ಹಾಕಿ ಆವಿಯಲ್ಲಿ ಬೇಯಿಸಿ ಚೌಕವಾಗಿ ಕತ್ತರಿಸಿದ ಹಳದಿ ತುಂಡುಗಳು. ಮೇಲಿನ ಮುಚ್ಚಳ ಸರಿಸಿದ ಕೂಡಲೇ ಹಸಿ ಹಾಲಿನ ಜಿಡ್ಡು ಬೆರೆತ ಆ ವಾಸನೆ ಮೂಗಿಗೆ ಬಡಿಯಿತು.

"ಬಿಸಿ ಐತ್ರಿ ಟೀಚರ್, ಈಗ್ಲೇ ತಿನ್ರಿ," ಅಂದರು ಶಾಂತಮ್ಮ.

ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ. "ಕರು ಕುಡಿದಿತ್ತೇನ್ರಿ ಮೊದ್ಲು?"

ಅವರು ನಕ್ಕುಬಿಟ್ಟರು. "ಕರು ಕುಡೀದಂಗ ಯಾರ್ ಹಿಂಡ್ತಾರ್ರಿ? ಎಂಥಾ ಮಾತು ಕೇಳ್ತೀರಿ!"

ನಾನೂ ನಕ್ಕೆ. ಅವರು ಹೋದ ಮೇಲೆ ತಟ್ಟೆಯನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ. ಮಡಕಶಿರದಲ್ಲಿ ಕಳೆದ ಆ ಒಂದು ವರ್ಷದ ನಂತರ ನಾನು ಗಿಣ್ಣು ತಿಂದಿಲ್ಲ.

ಆಗ ನನಗೆ ಇಪ್ಪತ್ನಾಲ್ಕು. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ರಾಯದುರ್ಗದ ಮನೆಗೆ ಬಂದು ಕೂತಿದ್ದೆ. ನಮ್ಮ ಬೀದಿಯಲ್ಲಿ ಬೆಳಕು ಹರಿದರೆ ಜೀನ್ಸ್ ಹೊಲಿಯುವ ಮಷಿನ್ನುಗಳ ಸದ್ದು. ನಮ್ಮ ಪಡಸಾಲೆಯಲ್ಲೂ ನಾಲ್ಕು ಮಷಿನ್ನುಗಳಿದ್ದವು. ಒಂದರ ಮುಂದೆ ಅಪ್ಪ ತಿಪ್ಪೇಸ್ವಾಮಿ, ಉಳಿದವುಗಳ ಮುಂದೆ ದಿನಗೂಲಿಯ ಹೆಂಗಸರು. ನಾನು ಹತ್ತನೇ ತರಗತಿಯಲ್ಲಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ಓದಿದ್ದು ಸಾಕು, ಬಾ, ಜಿಪ್ಪು ಹೊಲಿ ಎಂದು ಅಪ್ಪ ಒಂದು ದಿನವೂ ಹೇಳಲಿಲ್ಲ. ಬೀದಿಯವರು ಮಾತ್ರ ಕೇಳುತ್ತಿದ್ದರು: ಅಷ್ಟು ಓದಿ ಏನು ಕೆಲಸ ಸಿಕ್ಕಿತು ನಿನ್ನ ಮಗಳಿಗೆ?

ಕೆಲಸದ ಸುದ್ದಿ ತಂದವರು ನನಗೆ ಕಲಿಸಿದ ಒಬ್ಬ ಮೇಷ್ಟ್ರು. ಮಡಕಶಿರದವರೇ ಆದ ಒಬ್ಬ ಮೇಡಂ, ಎಷ್ಟೋ ವರ್ಷ ದೊಡ್ಡ ಊರಿನ ಪ್ರಯೋಗಾಲಯದಲ್ಲಿದ್ದವರು, ಊರಿಗೆ ಮರಳಿ ಒಂದು ಸಣ್ಣ ಘಟಕ ತೆರೆದಿದ್ದಾರೆ, ಹಾಲಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸುತ್ತಾರೆ ಎಂದರು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಅರ್ಧ ದಿನ ಕೂತು ಹೋದೆ. ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಹಳೆಯ ಶೆಡ್ಡು ಅದು. ಗೋಡೆಗೆ ಹೊಸ ಸುಣ್ಣ ಬಳಿದಿದ್ದರೂ ಬಿಸಿಲೇರಿದರೆ ಸತ್ತ ಹುಳುವಿನ ವಾಸನೆ ಏಳುತ್ತಿತ್ತು.

ನಿರ್ಮಲಾ ಮೇಡಂ ನನ್ನ ಅಂಕಪಟ್ಟಿ ನೋಡಲಿಲ್ಲ. "ಪ್ರೋಟೀನು ಯಾವುದಕ್ಕೆ ಹೆದರುತ್ತಮ್ಮ?" ಅಂದರು.

"ಬಿಸಿಗೆ, ಹುಳಿಗೆ," ಅಂದೆ. ಆಮೇಲೆ ನೆನಪಾಗಿ, "ನೊರೆಗೂ," ಅಂದೆ.

"ನೊರೆಗೆ ಅಂದವಳು ನೀನೊಬ್ಬಳೇ," ಎಂದು ಅವರು ಕುರ್ಚಿಯಿಂದ ಎದ್ದು ನನ್ನ ಭುಜ ತಟ್ಟಿದರು. ಅಷ್ಟೇ ಸಂದರ್ಶನ. ಅವತ್ತು ಮಧ್ಯಾಹ್ನ ತಮ್ಮ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು. ಅಮ್ಮ ಹೋದ ಮೇಲೆ ಯಾರೂ ತಮ್ಮ ತಟ್ಟೆಯದನ್ನು ಮುರಿದು ನನಗೆ ಹಾಕಿರಲಿಲ್ಲ. ನಾನು ಅವರಿಗೆ ಸೋತದ್ದು ಅಲ್ಲೇ ಇರಬೇಕು.

ಅವರಿಗೆ ಬೇಕಿದ್ದ ಪ್ರೋಟೀನು ಮಾಮೂಲಿ ಹಾಲಿನಲ್ಲಿ ತೀರ ಕಡಿಮೆ. ಈದ ಹಸುವಿನ ಮೊದಲ ಕೆಲವು ದಿನಗಳ ಗಿಣ್ಣುಹಾಲಿನಲ್ಲಿ ಹೆಚ್ಚು. ಆಸ್ಪತ್ರೆಯಲ್ಲಿ ತೂಕ ಕಡಿಮೆ ಹುಟ್ಟಿದ ಕೂಸುಗಳಿಗೆ ಅದನ್ನು ಔಷಧಿಯಾಗಿ ಕೊಡಬೇಕು, ಅದಕ್ಕೇ ಈ ಘಟಕ ಎಂದು ಮೇಡಂ ಹೇಳಿದರು. ಗಿಣ್ಣುಹಾಲು ಕೂಡಿಸಿ ತರಲು ಗುಡಿಬಂಡೆಯ ಆಚೆಯ ಹಳ್ಳಿಯ ಲಕ್ಷ್ಮಕ್ಕ ಎಂಬಾಕೆಯನ್ನು ಇಟ್ಟುಕೊಂಡಿದ್ದರು. ಲಕ್ಷ್ಮಕ್ಕ ಹನ್ನೊಂದು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿದು, ಬೆನ್ನು ಹಿಡಿದುಕೊಂಡ ಮೇಲೆ ಊರಿಗೆ ಬಂದವಳು. ಕೂಡಿಟ್ಟದ್ದರಲ್ಲಿ ಒಂದು ಹಸು ಕೊಂಡಿದ್ದಳು. ಮಗಳು ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನಿಗೆ ಹಿಂದೂಪುರದ ಕಡೆ ಹೋದರೆ, ತಾಯಿ ಐಸ್ ಡಬ್ಬಿ ಹೊತ್ತು ಆಟೋ ಹತ್ತುತ್ತಿದ್ದಳು.

ಆದರೆ ಹೆಂಗಸರು ಹಾಲು ಕೊಡಲು ಒಪ್ಪುತ್ತಿರಲಿಲ್ಲ. ಗಿಣ್ಣು ನೆರೆಮನೆಗಳಿಗೆ ಹಂಚುವುದು, ಮಾರುವುದಲ್ಲ. ಮೇಡಂ ನನ್ನನ್ನು ಕಳಿಸಿದರು. ಲಕ್ಷ್ಮಕ್ಕನ ಜೊತೆ ಮನೆಮನೆಗೆ ಹೋದೆ. ಕೊಟ್ಟಿಗೆಯ ಬಾಗಿಲಲ್ಲಿ ಕೂತು ನನಗೆ ಗೊತ್ತಿದ್ದುದನ್ನು ಹೇಳಿದೆ. ಕರು ಹುಟ್ಟುವಾಗ ಅದಕ್ಕೆ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಮೊದಲ ಹಾಲಿನಿಂದಲೇ ಅದು ಬರಬೇಕು. ಆದ್ದರಿಂದ ಮೊದಲ ದಿನದ ಹಾಲು ನಮಗೆ ಬೇಡವೇ ಬೇಡ, ಪೂರ್ತಿ ಕರುವಿಗೆ ಬಿಡಿ. ಎರಡನೇ ದಿನದಿಂದ ಕರು ಕುಡಿದು ಮಿಕ್ಕಿದ್ದನ್ನು ಕೊಟ್ಟರೆ ಸಾಕು.

ಹಲ್ಲಿಲ್ಲದ ಒಬ್ಬ ಮುದುಕಿ ಕಂಬಕ್ಕೆ ಒರಗಿ ಕೂತು ಎಲ್ಲ ಕೇಳಿ, "ಇದು ನಿಮ್ ಮೇಡಂ ಮಾತೋ, ನಿನ್ ಮಾತೋ?" ಅಂದಳು.

"ನನ್ನ ಮಾತಜ್ಜಿ," ಅಂದೆ.

"ಹಂಗಾರೆ ಸರಿ."

ಆ ವಾರದಿಂದಲೇ ಹಾಲು ಬರತೊಡಗಿತು.

ಬಂದ ಹಾಲಿನ ಕೆನೆ ತೆಗೆದು, ಹುಳಿ ಹಿಂಡಿ ಒಡೆಸಿ, ಗಟ್ಟಿಯನ್ನು ಸೋಸಿ, ಉಳಿದ ತಿಳಿನೀರಿನ ಹುಳಿಯನ್ನು ಮತ್ತೆ ಸರಿಮಾಡಿ, ಅದನ್ನು ಮೆಂಬ್ರೇನಿನ ಮೂಲಕ ಹಾಯಿಸುವುದು ನಮ್ಮ ಕೆಲಸ. ಪುಸ್ತಕದಲ್ಲಿ ಅದಕ್ಕೆ ಅಯಾನು ವಿನಿಮಯ ಪೊರೆ ಎನ್ನುತ್ತಾರೆ. ಅದು ಜರಡಿಯಲ್ಲ. ಜರಡಿ ದೊಡ್ಡದನ್ನು ತಡೆದು ಸಣ್ಣದನ್ನು ಬಿಡುತ್ತದೆ. ಈ ಪೊರೆಯ ಮೈತುಂಬ ಋಣ ವಿದ್ಯುದಂಶವಿರುತ್ತದೆ. ತಿಳಿನೀರಿನ ಬಹುಪಾಲು ಪ್ರೋಟೀನುಗಳೂ ಋಣದವೇ ಆದ್ದರಿಂದ ಪೊರೆಗೆ ಅಂಟದೆ ಹರಿದುಹೋಗುತ್ತವೆ. ನಮಗೆ ಬೇಕಾದದ್ದು ಧನ ವಿದ್ಯುದಂಶದ್ದು, ಅದು ಹಿಡಿದುಕೊಂಡು ನಿಲ್ಲುತ್ತದೆ. ಆಮೇಲೆ ತೆಳು ಉಪ್ಪುನೀರು ಹಾಯಿಸಿದರೆ ಅದರ ಜೊತೆ ಅಂಟಿದ್ದ ಇನ್ನೊಂದು, ಹಸಿರು ಮಿಶ್ರಿತ ಕಂದು ಬಣ್ಣದ್ದು, ಬಿಟ್ಟು ಬರುತ್ತದೆ. ಗಟ್ಟಿ ಉಪ್ಪುನೀರು ಹಾಯಿಸಿದರೆ ಉಪ್ಪು ಪೊರೆಯ ಮೇಲೆ ಜಾಗ ಹಿಡಿದು ನಮ್ಮ ಪ್ರೋಟೀನನ್ನು ಬಿಡಿಸುತ್ತದೆ. ಅದರೊಳಗೆ ಕಬ್ಬಿಣದ ಅಂಶವಿರುವುದರಿಂದ ನಸು ಗುಲಾಬಿ ಬಣ್ಣ. ಲ್ಯಾಕ್ಟೋಫೆರಿನ್ ಎಂದು ಅದರ ಹೆಸರು.

ಮೇಡಂ ಹೊರದೇಶದಿಂದ ತರಿಸಿದ್ದ ಮೆಂಬ್ರೇನುಗಳು ಎರಡೇ. ಜಿಡ್ಡು ಹೆಚ್ಚಿನ ಗಿಣ್ಣುಹಾಲಿಗೆ ಮೊದಲನೆಯದು ಬೇಸಿಗೆಯಲ್ಲೇ ಕಟ್ಟಿಕೊಂಡಿತು. ಎರಡನೆಯದು ಆಷಾಢದ ಗಾಳಿ ಶುರುವಾದಾಗ ಕಟ್ಟಿಕೊಂಡಿತು. ಸೋಡಾ ಹಾಕಿ ತೊಳೆದೆವು, ಉಲ್ಟಾ ನೀರು ಹಾಯಿಸಿದೆವು. ಪಂಪು ನರಳುತ್ತಿತ್ತೇ ಹೊರತು ಒಂದು ತೊಟ್ಟೂ ಇಳಿಯಲಿಲ್ಲ. ಹೊರಗೆ ಗಾಳಿ ಕೆಂಪು ಧೂಳನ್ನು ಎತ್ತಿ ಶೆಡ್ಡಿನ ತಗಡಿಗೆ ಎರಚುತ್ತಿತ್ತು. ಮೇಡಂ ಸ್ಟೂಲಿನ ಮೇಲೆ ಕೂತು, "ಇನ್ನು ಬೀಗ ಹಾಕೋದೇ ಕಣೆ ವನಜಾ," ಅಂದರು. ಅವರ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಲ್ಲ ಎಂದು ಇವತ್ತಿಗೂ ನಂಬುತ್ತೇನೆ.

ಬಟ್ಟೆಯ ಯೋಚನೆ ಬಂದದ್ದು ಆಗ. ಮೆಂಬ್ರೇನಿನ ಮೈಯೂ ಹತ್ತಿಯ ಮೈಯೂ ಮೂಲದಲ್ಲಿ ಒಂದೇ ಜಾತಿಯ ವಸ್ತು. ಹತ್ತಿ ಬಟ್ಟೆಯನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಒಂದು ಬಗೆಯ ಆಮ್ಲದ ಜೊತೆ ಕಾಯಿಸಿದರೆ ಅದರ ಎಳೆಗಳಿಗೂ ಋಣ ವಿದ್ಯುದಂಶ ಬರಬೇಕು. ಎಳೆಗಳ ನಡುವೆ ಜಾಗವಿರುವುದರಿಂದ ಜಿಡ್ಡಿಗೆ ಅಷ್ಟು ಬೇಗ ಕಟ್ಟಿಕೊಳ್ಳಲಾರದು. ಮೇಡಂಗೆ ಹೇಳಿದೆ. "ಬಟ್ಟೆನಾ?" ಎಂದು ನಕ್ಕರು, ಆದರೆ ಬೇಡ ಅನ್ನಲಿಲ್ಲ.

ಮಡಕಶಿರದ ಅಂಗಡಿಯಿಂದ ಬಿಳಿ ಬಟ್ಟೆ ತಂದು ಮೂರು ವಾರ ಒದ್ದಾಡಿದೆ. ಒಂದೇ ತುಂಡಿನಲ್ಲಿ ಒಂದು ಕಡೆ ಲೋಳೆಸರದ ಹಾಗೆ ಜಾರಿಕೆ, ಇನ್ನೊಂದು ಕಡೆ ಏನೂ ಆಗಿಲ್ಲ. ವಿದ್ಯುದಂಶ ಬಂದಿದೆಯೇ ಎಂದು ನೋಡಲು ಒಂದು ನೀಲಿ ಬಣ್ಣದಲ್ಲಿ ಅದ್ದಿ ತೊಳೆಯುತ್ತಿದ್ದೆ. ಬಂದಿದ್ದರೆ ನೀಲಿ ನಿಲ್ಲುತ್ತದೆ. ನನ್ನ ಬಟ್ಟೆ ಪ್ರತಿ ಸಲವೂ ಚುಕ್ಕಿ ಚುಕ್ಕಿಯಾಗಿ ಬರುತ್ತಿತ್ತು. ಕೊನೆಗೆ ಆ ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ರಾಯದುರ್ಗಕ್ಕೆ ಹೋದೆ.

ಅಪ್ಪ ಮಷಿನ್ನು ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಚುಕ್ಕಿ ಬಿದ್ದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಾನು ಕೊಂಡಿದ್ದ ಹೊಸ ಬಟ್ಟೆಯ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟರು. ಹನಿ ಇಂಗದೆ ಮಣಿಯ ಹಾಗೆ ಕೂತಿತು.

"ನೋಡವಾ, ನೀರ ಕುಡೀವಲ್ದು. ಇನ್ನ ನಿನ್ನ ಔಷಧಿ ಹೆಂಗ್ ಕುಡೀತೈತಿ? ಗಂಜಿ ಐತಿ ಇದರಾಗ. ನೇಯಾಗ ಎಳಿಗೆ ಹಾಕಿದ್ದು."

"ಸೋಪ್ ಹಾಕಿ ಕುದಿಸೀನಪ್ಪ."

"ಸೋಪಿಗೆ ಹೋಗಂಗಿಲ್ಲ ಅದು. ನಮ್ಮವ್ವ ಬಣ್ಣ ಹಾಕಾಕ ಮೊದ್ಲು ಮೊಳಕಿ ರಾಗಿ ಅರದು, ಆ ನೀರಾಗ ಒಂದಿನ ನೆನಸಿ ಇಡ್ತಿದ್ಲು. ಗಂಜಿ ತಾನಾ ಕರಗಿ ಹೋಗ್ತಿತ್ತು."

ಮೊಳಕೆ ಕಾಳಿನಲ್ಲಿ ಗಂಜಿಯನ್ನು ಕರಗಿಸುವ ಕಿಣ್ವ ಇರುತ್ತದೆ. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಅಪ್ಪ ಅದನ್ನು ಅಜ್ಜಿಯ ಮಡಕೆಯಲ್ಲಿ ನೋಡಿದ್ದರು.

ಪ್ಯಾಂಟಿನ ಜೇಬಿಗೆ ಹಾಕುವ ದಪ್ಪ ಬಿಳಿ ಬಟ್ಟೆಯೇ ಒಳ್ಳೆಯದು, ನೇಯ್ಗೆ ಒತ್ತಾಗಿರುತ್ತದೆ, ಆದರೆ ನೀರು ಹಾಯುತ್ತದೆ ಎಂದು ಅಪ್ಪನೇ ಆರಿಸಿದರು. ರಾಗಿನೀರಿನಲ್ಲಿ ನೆನೆಸಿ, ತೊಳೆದು, ಒಣಗಿಸಿ, ಮತ್ತೊಂದು ಹನಿ ಬಿಟ್ಟರು. ಹನಿ ಬಿದ್ದದ್ದೇ ಮಾಯವಾಯಿತು. ಆಮೇಲೆ ಮೆಂಬ್ರೇನಿನ ಡಬ್ಬಿಯ ಅಳತೆಗೆ ಬಿಲ್ಲೆಗಳನ್ನು ಕತ್ತರಿಸಿ, ಅಂಚು ಬಿಚ್ಚದ ಹಾಗೆ ಸುತ್ತ ಹೊಲಿಗೆ ಹಾಕಿ ಬಸ್ಸಿನ ಮೇಲೆ ಕಳಿಸತೊಡಗಿದರು. ನಾನು ದಿನದ ಪ್ರಯೋಗಗಳನ್ನು ಬರೆದಿಡುವ ನನ್ನ ಪುಸ್ತಕದಲ್ಲಿ 'ಬಟ್ಟೆ, ರಾಯದುರ್ಗದಿಂದ ಬಂದದ್ದು' ಎಂದಷ್ಟೇ ಬರೆದೆ. ರಾಗಿಯ ವಿಷಯ ಬರೆಯಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಮನೆಯಲ್ಲಿ ಮುಗಿದ ಕೆಲಸ, ಬರೆಯುವಂಥದ್ದು ಎಂದು ತೋಚಲೇ ಇಲ್ಲ. ಸಂಜೆ ಮೇಡಂ ಪ್ರತಿ ಪುಟ ಓದಿ ಕೆಳಗೆ ತಮ್ಮ ಸಹಿ ಹಾಕುತ್ತಿದ್ದರು. ಆ ಸಹಿ ನನಗೆ ಬಹುಮಾನದ ಹಾಗೆ ಕಾಣುತ್ತಿತ್ತು.

ಭಾದ್ರಪದದ ಮಳೆ ಎರಡು ದಿನ ಹಿಡಿದು ಬಿಟ್ಟ ಬೆಳಿಗ್ಗೆ ಇಪ್ಪತ್ತು ಬಿಲ್ಲೆಗಳನ್ನು ಒಂದರ ಮೇಲೊಂದು ಕೂರಿಸಿ ತಿಳಿನೀರು ಹಾಯಿಸಿದೆವು. ಪಂಪು ನರಳಲಿಲ್ಲ. ಮಧ್ಯಾಹ್ನ ಗಟ್ಟಿ ಉಪ್ಪುನೀರು ಬಿಟ್ಟಾಗ ಗಾಜಿನ ಕೊಳವೆಯಲ್ಲಿ ಮೊದಲು ಬರಿ ನೀರು, ಆಮೇಲೆ ಒಂದು ಛಾಯೆ, ಆಮೇಲೆ ನಿಜವಾದ ಗುಲಾಬಿ. ಕ್ಯಾನು ಇಳಿಸಲು ಬಂದಿದ್ದ ಲಕ್ಷ್ಮಕ್ಕ ಬಗ್ಗಿ ನೋಡಿ, "ಅಯ್ಯೋ ನನ್ನವ್ವ, ಹಾಲೊಳಗೆ ಈ ಬಣ್ಣ ಎಲ್ಲಿ ಬಚ್ಚಿಟ್ಕಂಡಿತ್ತೇ!" ಅಂದಳು. ಡಬ್ಬಿ ಬಿಚ್ಚಿದೆ. ಉಪ್ಪುನೀರು ಸರಿಯಾಗಿ ಮುಟ್ಟದ ಕೆಳಗಿನ ಬಿಲ್ಲೆಯ ಅಂಚಿನಲ್ಲಿ, ಅಪ್ಪನ ಹೊಲಿಗೆಯ ಉದ್ದಕ್ಕೂ, ಗುಲಾಬಿ ಇನ್ನೂ ಉಳಿದಿತ್ತು. ಮೇಡಂ ನನ್ನನ್ನು ತಬ್ಬಿಕೊಂಡರು. ಅಲ್ಲೇ ಅಪ್ಪನಿಗೆ ಫೋನು ಮಾಡಿ, "ನಿಮ್ಮ ಮಗಳು ನನ್ನನ್ನ ಉಳಿಸಿದ್ಲು ಅಣ್ಣಾ," ಅಂದರು. ಅಪ್ಪ ಆ ಮಾತನ್ನು ಇಡೀ ಬೀದಿಗೆ ಹೇಳಿದರಂತೆ.

ಅದಾದ ಮೇಲೆ ಕಾರುಗಳಲ್ಲಿ ಕಂಪನಿಗಳ ಜನ ಬರತೊಡಗಿದರು. ಅವರು ಬಂದಾಗ ಮೇಡಂ ನನಗೆ ಹಿಂದಿನ ಕೋಣೆಯಲ್ಲಿ ಬಟ್ಟೆ ತೊಳೆಯುವ ಕೆಲಸ ಹೇಳುತ್ತಿದ್ದರು. ಒಂದು ದಿನ ಗೋಡೆಯ ಆಚೆಯಿಂದ ಮುಖಕ್ಕೆ ಹಚ್ಚುವ ಕ್ರೀಮಿನ ಮಾತು ಕೇಳಿಸಿತು. ಅವರು ಹೋದ ಮೇಲೆ ಕೇಳಿದೆ, "ಮೇಡಂ, ಕೂಸುಗಳ ಔಷಧಿ ಅಲ್ಲವಾ?"

"ಔಷಧಿ ಅಂದ್ರೆ ವರ್ಷಗಟ್ಟಲೆ ಪರೀಕ್ಷೆ ಇರುತ್ತೆ ಕಣೆ. ಮೊದಲು ನಾವು ಉಳೀಬೇಕಲ್ವಾ?" ಅಂದರು. ಸರಿ ಅನ್ನಿಸಿತು. ಅವರು ಹೇಳಿದ್ದೆಲ್ಲ ನನಗೆ ಸರಿ ಅನ್ನಿಸುತ್ತಿತ್ತು.

ದಸರಾ ಹೊತ್ತಿಗೆ ಕೊಳವೆಗೆ ಇಳಿಯುವ ಗುಲಾಬಿ ದಿನದಿಂದ ದಿನಕ್ಕೆ ಗಾಢವಾಗುತ್ತ ಹೋಯಿತು. ಅಷ್ಟೇ ಹಾಲಿಗೆ ಎರಡು ಪಟ್ಟು, ಮೂರು ಪಟ್ಟು. ಕಾಯಿಸುವ ಹದ ನನ್ನ ಕೈಗೆ ಬಂತು, ಅದಕ್ಕೇ ಬಟ್ಟೆ ಹೆಚ್ಚು ಹಿಡಿಯುತ್ತಿದೆ ಎಂದು ನಾನು ಹಿಗ್ಗಿದೆ. ಪುಸ್ತಕದಲ್ಲಿ ಹಾಗೆಯೇ ಬರೆದೆ. ಮೇಡಂ ಏನೂ ಹೇಳದೆ ಸಹಿ ಹಾಕಿದರು. ಹಾಲು ಬದಲಾಗಿರಬಹುದು ಎಂಬ ಅನುಮಾನ ಬರಬೇಕಿತ್ತು. ಕ್ಯಾನಿನ ಮುಚ್ಚಳ ತೆಗೆದರೆ ಹಾಲು ಮೊದಲಿಗಿಂತ ಹಳದಿಯಾಗಿ, ಮೊದಲಿಗಿಂತ ಗಟ್ಟಿಯಾಗಿ ಕಣ್ಣೆದುರೇ ಇತ್ತು. ಅದನ್ನು ದಿನಾ ನೋಡುತ್ತಿದ್ದೆ, ನೋಡಿಯೂ ಕೇಳಲಿಲ್ಲ.

ದೀಪಾವಳಿಗೆ ಮೇಡಂ ತಾವೇ ರಜೆ ಕೊಟ್ಟರು. "ನಾಲ್ಕು ದಿನ ಅಪ್ಪನ ಜೊತೆ ಇದ್ದು ಬಾ. ಪುಸ್ತಕ ಇಲ್ಲೇ ಇರಲಿ, ನಾನು ಒಂದ್ಸಲ ಪೂರ್ತಿ ಓದ್ತೀನಿ." ಬಸ್ಸಿನವರೆಗೂ ಬಂದು ಕಿಟಕಿಯಿಂದ ಹೂವಿನ ಪೊಟ್ಟಣ ಕೊಟ್ಟರು.

ನಾಲ್ಕು ದಿನದ ಮೇಲೆ ಮರಳಿದಾಗ ಶೆಡ್ಡಿನ ಬಾಗಿಲಿಗೆ ಬೀಗವೂ ಇರಲಿಲ್ಲ. ಒಳಗೆ ಪಂಪು ಇದ್ದ ಕಡೆ ನೆಲದಲ್ಲಿ ನಾಲ್ಕು ಬೋಲ್ಟಿನ ಗುರುತು. ಮೇಜು, ಫ್ರಿಜ್ಜು, ಗಾಜಿನ ಸಾಮಾನು, ನನ್ನ ಪುಸ್ತಕ, ಯಾವುದೂ ಇಲ್ಲ. ಎರಡು ದಿನ ಲಾರಿ ನಿಂತಿತ್ತು, ಎಲ್ಲ ಬೆಂಗಳೂರಿಗೆ ಹೋಯಿತು ಎಂದು ಎದುರಿನ ಚಹಾ ಅಂಗಡಿಯವನು ತೆಲುಗಿನಲ್ಲಿ ಹೇಳಿದ. ಶೆಡ್ಡಿನ ಜಗಲಿಯ ಮೇಲೆ ಲಕ್ಷ್ಮಕ್ಕ ಕೂತಿದ್ದಳು. ಪಕ್ಕದಲ್ಲಿ ಖಾಲಿ ಐಸ್ ಡಬ್ಬಿ.

"ಲಕ್ಷ್ಮಕ್ಕ, ಏನಿದು? ನಿನಗೆ ಹೇಳಿದ್ರಾ ಅವರು?"

ಅವಳು ನನ್ನ ಮುಖ ನೋಡಿದ ರೀತಿಯೇ ಬೇರೆ ಇತ್ತು. "ನಂಗ್ಯಾಕವ್ವ ಹೇಳ್ತಾರೆ? ನೀನೂ ಹೋಗಿದೀಯ ಅನ್ಕಂಡೆ. ನನ್ ಕರ ಸತ್ತೋಯ್ತು, ಗೊತ್ತಾ?"

ಅವಳ ಹಸು ಹಬ್ಬದ ಹಿಂದಿನ ವಾರ ಈದಿತ್ತು. ಮೊದಲ ಹಾಲನ್ನು ಪೂರ್ತಿ ಹಿಂಡಿ ಕೊಟ್ಟಿದ್ದಳು. ಐದನೇ ದಿನಕ್ಕೆ ಕರು ಭೇದಿಯಾಗಿ ಬಿದ್ದುಕೊಂಡಿತು, ಆರನೆಯ ದಿನ ಏಳಲಿಲ್ಲ.

"ಮೊದಲ ಹಾಲು ಯಾಕೆ ಕೊಟ್ಟೆ? ನಾನೇ ಬೇಡ ಅಂದಿದ್ನಲ್ಲ!"

"ನೀನೇ ಅಲ್ವೇನವ್ವ ಬೇಕು ಅಂದಿದ್ದು? ದಸರಾಕಿಂತ ಮುಂಚೆ ಮೇಡಂ ಕರ್ದು ಹೇಳಿದ್ರು, ವನಜಾ ಪುಸ್ತಕದಲ್ಲಿ ಲೆಕ್ಕ ಹಾಕವ್ಳೆ, ಮೊದಲ್ನೇ ಹಾಲು ತಗಂಡ್ರೂ ಕರುಗೆ ಏನೂ ಆಗಲ್ವಂತೆ, ಅವಳೇ ಹೇಳಿದ್ಲು ಅಂತ. ನೀನ್ ಓದ್ದೋಳು. ನಾನು ಊರಿಗೆಲ್ಲ ನಿನ್ನೆಸರೇಳಿ ಹಾಲ್ ತಂದೆ."

ಗಾಢವಾದ ಆ ಗುಲಾಬಿ ಎಲ್ಲಿಂದ ಬಂದಿತ್ತೆಂದು ಆಗ ತಿಳಿಯಿತು. ನನ್ನ ಬಟ್ಟೆ ಸುಧಾರಿಸಿರಲಿಲ್ಲ. ಕರುಗಳ ಬಾಯಿಗೆ ಹೋಗಬೇಕಾದದ್ದು ನನ್ನ ಕೊಳವೆಗೆ ಇಳಿದಿತ್ತು. ಅದನ್ನು ನನ್ನ ಕೈಗುಣವೆಂದು ಹೆಮ್ಮೆಯಿಂದ ಬರೆದಿಟ್ಟವಳೂ ನಾನೇ.

ಅವತ್ತೇ ಲಕ್ಷ್ಮಕ್ಕನ ಜೊತೆ ಆಟೋ ಹತ್ತಿದೆ. ಹಾಲು ಕೊಟ್ಟಿದ್ದ ಮನೆಗಳಿಗೆಲ್ಲ ಹೋಗಿ, ಅದು ನನ್ನ ಮಾತಲ್ಲ, ನನಗೆ ತಿಳಿಯದೆ ಮೇಡಂ ಹೇಳಿದ್ದು ಎಂದೆ. ಕೆಲವರ ಕರುಗಳು ಚೆನ್ನಾಗಿದ್ದವು, ಅವರು ಹೋಗಲಿ ಬಿಡು ಅಂದರು. ಕಂಬಕ್ಕೆ ಒರಗಿ ಕೂರುತ್ತಿದ್ದ ಆ ಮುದುಕಿಯ ಮನೆಯಲ್ಲೂ ಒಂದು ಕರು ಹೋಗಿತ್ತು. ನಾನು ಹೇಳುವುದನ್ನೆಲ್ಲ ಅವಳು ಕೊನೆಯವರೆಗೂ ಕೇಳಿದಳು.

"ನಿನ್ ಮಾತಲ್ಲ ಅಂದ್ರೆ ನಮ್ ಕರ ಎದ್ ಬತ್ತೈತಾ?" ಅಂದಳು. ಬೈಗುಳದ ದನಿಯಲ್ಲ. ನಿಜವಾಗಿಯೂ ಕೇಳಿದ ಹಾಗಿತ್ತು.

ಮೇಡಂ ಫೋನು ಎತ್ತಿದ್ದು ಎಂಟನೆಯ ದಿನ. "ಎಲ್ಲ ದಿಢೀರಂತ ಆಯ್ತು ಕಣೆ. ಇಲ್ಲಿ ದೊಡ್ಡ ಜಾಗ ಸಿಕ್ತು. ನಿನ್ನನ್ನೂ ಕರೆಸ್ಕೋತೀನಿ, ಸ್ವಲ್ಪ ತಾಳು," ಅಂದರು. ಕರುಗಳ ಮಾತು ಎತ್ತಿದೆ. "ಹಳ್ಳಿಯಲ್ಲಿ ಕರು ಸಾಯೋದಕ್ಕೆ ನೂರು ಕಾರಣ ಇರುತ್ತೆ ವನಜಾ. ನೀನು ವಿಜ್ಞಾನ ಓದಿದವಳು, ಹೀಗೆಲ್ಲ ಮಾತಾಡಬಾರದು." ಆಮೇಲೆ ನನ್ನ ನಂಬರಿಗೆ ಅವರು ಫೋನು ಎತ್ತಲಿಲ್ಲ.

ಲಕ್ಷ್ಮಕ್ಕ ಸಂಕ್ರಾಂತಿಗೆ ಮುಂಚೆ ಹಸು ಮಾರಿ ಬೆಂಗಳೂರಿನ ಗಾರ್ಮೆಂಟ್ಸಿಗೇ ಮರಳಿದಳು. ಹಿಡಿದ ಬೆನ್ನು ಹಾಗೇ ಇತ್ತು. ಹೋಗುವಾಗ ನನಗೆ ಹೇಳಲಿಲ್ಲ. ಹೇಳಬೇಕೆಂದು ನಾನು ಬಯಸುವುದೂ ತಪ್ಪು.

ನಾನು ರಾಯದುರ್ಗಕ್ಕೆ ಬಂದು ಒಂದು ಜೂನಿಯರ್ ಕಾಲೇಜಿನಲ್ಲಿ ಪಾಠಕ್ಕೆ ಸೇರಿದೆ. ಅಪ್ಪನಿಗೆ, ಘಟಕ ಮುಚ್ಚಿತು ಎಂದಷ್ಟೇ ಹೇಳಿದೆ. ಮಿಕ್ಕದ್ದನ್ನು ಹೇಳಲು ನಾಚಿಕೆಯಾಯಿತು. ಮೇಡಂ ಅವರನ್ನು ಅಷ್ಟು ಹೊಗಳಿದ್ದ ಬಾಯಿ ಇದೇ. ಹೇಳದಿದ್ದದ್ದು ಎಂಥ ತಪ್ಪು ಎಂದು ಮಾಘದಲ್ಲಿ ಗೊತ್ತಾಯಿತು.

ಕಾಲೇಜು ಮುಗಿಸಿ ಮನೆಗೆ ಬಂದರೆ ಅಪ್ಪನ ಮುಖದಲ್ಲಿ ಹಬ್ಬ. ಹೊರಗಿನವರಿಗೆ ಎಂದು ಎತ್ತಿಟ್ಟಿದ್ದ ಸ್ಟೀಲಿನ ಲೋಟ ಮಷಿನ್ನಿನ ಪಕ್ಕದಲ್ಲಿತ್ತು.

"ನಿಮ್ ಮೇಡಂ ಬಂದಿದ್ರವಾ! ಕಾರ್ ತಗಂಡು, ನನ್ನ ನೋಡಾಕಂತ. ಇಲ್ಲೇ, ಈ ಮಣೀ ಮ್ಯಾಲ ಕುಂತ್ರು."

"ಏನ್ ಕೇಳಿದ್ರಪ್ಪ?"

"ಬೆಂಗಳೂರಾಗ ತಗಂಡ ಬಟ್ಟಿ ಕೆಟ್ ಹೊಂಟೈತಂತ. ಚುಕ್ಕಿ ಬೀಳಾಕತ್ತಾವಂತ. ಅಣ್ಣಾ, ನೀವು ಏನ್ ಮಾಡ್ತಿದ್ರಿ ಬಟ್ಟೆಗೆ ಅಂತ ಕೇಳಿದ್ರು. ರಾಗಿ ಎಷ್ಟ್ ದಿನ ಮೊಳಕಿ ಕಟ್ಟಬೇಕು, ನೀರ್ ಎಷ್ಟ್ ಬೆಚ್ಚಗಿರಬೇಕು, ಎಲ್ಲಾ ಬರಕಂಡ್ರು. ನಲವತ್ ವರ್ಷ ಆತು ನಾ ಮಷಿನ್ ತುಳ್ಯಾಕತ್ತಿ. ಒಬ್ಬರಾದ್ರೂ ಹಿಂಗ ಕುಂತು ನನ್ನ ಕೇಳಿ ಬರಕಂಡಿಲ್ಲವಾ."

ಅಪ್ಪ ಕತ್ತರಿಯಿಂದ ದಾರದ ತುದಿ ಕತ್ತರಿಸುತ್ತ ಮುಂದುವರಿಸಿದರು. "ಪೇಪರ್ ಬರೀತಾರಂತ. ನನ್ನ ಹೆಸರು ಹಾಕ್ತೀನಿ ಅಂದಾರ. ತಿಪ್ಪೇಸ್ವಾಮಿ ಅಂತ ಹೆಂಗ್ ಬರೀಬೇಕು ಅಂತ ಕೇಳಿ ತಿಳಕಂಡ್ ಹೋದ್ರು."

ಮೇಡಂ ನನ್ನನ್ನು ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ನಾನು ತರಗತಿಯಲ್ಲಿರುವ ಹೊತ್ತು ನೋಡಿ ಬಂದಿದ್ದರು.

ಹೇಳಿಬಿಡಲೇ ಎಂದುಕೊಂಡೆ. ಆ ಹೆಂಗಸು ನನಗೆ ಹೀಗೆ ಮಾಡಿದಳು, ಈಗ ನಿನಗೂ ಮಾಡಿದಳು ಎಂದು. ಅಪ್ಪ ಆ ಮಣೆಯನ್ನು ಇನ್ನೂ ಗೋಡೆಗೆ ಒರಗಿಸಿರಲಿಲ್ಲ, ಹಾಗೇ ಬಿಟ್ಟಿದ್ದರು. ನನ್ನಿಂದಾಗಲಿಲ್ಲ.

ಒಂದು ವರ್ಷದ ಮೇಲೆ ಅಪ್ಪನೇ ಕೇಳಿದರು, "ಆ ಪೇಪರ್ ಬಂತೇನವಾ?" ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕೂತು ವಿಜ್ಞಾನ ಪತ್ರಿಕೆಗಳಲ್ಲಿ ಹುಡುಕಿದೆ. ಬಂದಿತ್ತು. ಹತ್ತಿ ಬಟ್ಟೆಯ ಪೊರೆಯಿಂದ ಗಿಣ್ಣುಹಾಲಿನ ಪ್ರೋಟೀನು ಬೇರ್ಪಡಿಸುವ ಕ್ರಮ. ಮೇಲೆ ಮೇಡಂ ಹೆಸರು, ನಾನು ಕೇಳಿಯೇ ಇರದ ಇನ್ನಿಬ್ಬರ ಹೆಸರು. ಒಳಗೆ ನನ್ನ ಪುಸ್ತಕದ ಅಂಕಿಗಳು, ನನ್ನ ಗುಲಾಬಿ. ಮೊಳಕೆ ರಾಗಿಯ ನೀರಿಗೆ ಒಂದು ಇಡೀ ಪ್ಯಾರಾ. ಕೊನೆಯಲ್ಲಿ ವಂದನೆಯ ಸಾಲು: ಬಟ್ಟೆ ಒದಗಿಸಿದ ಒಬ್ಬ ಸ್ಥಳೀಯ ಟೇಲರಿಗೆ ಕೃತಜ್ಞತೆಗಳು. ಹೆಸರಿಲ್ಲ. ನನ್ನದಂತೂ ಎಲ್ಲೂ ಇಲ್ಲ.

ಆ ಪುಟವನ್ನು ಮುದ್ರಿಸಿಕೊಂಡು ಮನೆಗೆ ತಂದೆ. ಬಂದಿಲ್ಲ ಎಂದು ಹೇಳಬಹುದಿತ್ತು. ಆದರೆ ಅಪ್ಪ ಮುಂದಿನ ವರ್ಷವೂ ಕೇಳುತ್ತಿದ್ದರು, ಅದರ ಮುಂದಿನ ವರ್ಷವೂ. ಮಷಿನ್ನಿನ ಬೆಳಕಿನ ಕೆಳಗೆ ಹಾಳೆ ಹರಡಿ ಆ ಸಾಲನ್ನು ತೋರಿಸಿದೆ. ಅಪ್ಪನಿಗೆ ಇಂಗ್ಲಿಷ್ ಬಾರದು. ಆದರೆ ಬೀದಿಯ ಬೋರ್ಡುಗಳಲ್ಲಿ ದಿನಾ ನೋಡುವ ಒಂದು ಪದ ಅವರಿಗೆ ಗೊತ್ತು. ಬೆರಳು ಸಾಲಿನ ಮೇಲೆ ನಿಧಾನ ಸರಿದು ಅಲ್ಲೇ ನಿಂತಿತು.

"ಇದು ಟೇಲರ್ ಅಂತ ಅಲ್ಲೇನು?"

"ಹೌದಪ್ಪ."

"ಹೆಸರ ಎಲ್ಲೈತಿ ಮತ್ತ?"

"ಇಂಥಾ ಪೇಪರಿನಾಗ ಹೆಸರು ಹಾಕಂಗಿಲ್ಲಪ್ಪ," ಅಂದೆ. "ಕಸುಬಷ್ಟೇ ಹಾಕ್ತಾರ."

ಅಪ್ಪ ಹಾಳೆಯನ್ನು ಇನ್ನಷ್ಟು ಹತ್ತಿರ ಹಿಡಿದರು. ಮೇಲಿನ ಮೂರು ಹೆಸರುಗಳು ದಪ್ಪಕ್ಷರದಲ್ಲಿದ್ದವು. ಅವುಗಳ ಮೇಲೂ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು.

"ಆತ್ ಬಿಡು," ಅಂದರು. "ಕಸುಬಂದ್ರ ಎಲ್ಲಾ ದರ್ಜಿಗಳ್ದೂ ಆತಲ್ಲ."

ಹಾಳೆಯನ್ನು ಎರಡು ಮಡಿಕೆ ಮಡಿಸಿ ಮಷಿನ್ನಿನ ಡ್ರಾಯರಿನಲ್ಲಿ ಬಾಬಿನ್ನುಗಳ ಕೆಳಗೆ ಇಟ್ಟರು. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಓದುವ ಮಕ್ಕಳು ಮನೆಗೊಬ್ಬರಿದ್ದಾರೆ. ಅಪ್ಪ ಇವತ್ತಿನವರೆಗೂ ಅದನ್ನು ಯಾರ ಕೈಲೂ ಓದಿಸಿಲ್ಲ.